ಇಡಿಯಾಗಿ ನುಂಗಿದ ಮಾತುಗಳು

ನನ್ನ ಗಂಡ ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ನಾನು ಔರಾದ ಹತ್ತಿರದ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಇಬ್ಬರಿಗೂ ನಡುವೆ ಬೀಳಲೆಂದು ಬೀದರಿನ ನೌಬಾದಿನಲ್ಲಿ ಮನೆ ಮಾಡಿದ್ದೆವು. ಬೆಳಿಗ್ಗೆ ಅವರು ರೈಲು ಹಿಡಿದು ಒಂದು ದಿಕ್ಕಿಗೆ ಹೋದರೆ ನಾನು ಬಸ್ಸು ಹಿಡಿದು ಇನ್ನೊಂದು ದಿಕ್ಕಿಗೆ. ಒಬ್ಬಳೇ ಮಗಳು, ಆಗ ಪಿಯುಸಿ ಎರಡನೇ ವರ್ಷ, ಬೀಗ ಹಾಕಿಕೊಂಡು ಎಲ್ಲರಿಗಿಂತ ಕೊನೆಗೆ ಕಾಲೇಜಿಗೆ ಹೊರಡುವವಳು.

ಭಾಲ್ಕಿಯಲ್ಲಿ ಅವರನ್ನು ಹೆಸರಿನಿಂದ ಕರೆಯುವವರು ಕಡಿಮೆ. ಮಕ್ಕಳ ಬಾಯಲ್ಲಿ ಅವರು 'ಇಡಿಯಂ ಸರ್'. ದಿನಾ ಪ್ರಾರ್ಥನೆ ಮುಗಿದ ಮೇಲೆ ಸಾಲಿನಲ್ಲಿ ನಿಂತ ಮಕ್ಕಳ ಮುಂದೆ ಇಂಗ್ಲಿಷಿನ ಒಂದು ನುಡಿಗಟ್ಟು ಹೇಳಿ, ಅದರ ಅರ್ಥ ಹೇಳಿ, ಎಲ್ಲರ ಬಾಯಲ್ಲೂ ಹೇಳಿಸುವುದು ಅವರ ಪದ್ಧತಿ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಅವು. ಇಂಗ್ಲಿಷ್ ಅವರಿಗೆ ನಾಲ್ಕನೆಯ ಗಂಟು. ವ್ಯಾಕರಣ ಹಿಡಿದು ಬಿಡಿಸಲು ಹೋದರೆ ಆ ಗಂಟು ಇನ್ನಷ್ಟು ಬಿಗಿಯುತ್ತದೆ ಎಂಬುದು ನನ್ನ ಗಂಡನ ನಂಬಿಕೆ.

"ಇವುನ್ನ ಬಿಡಿಸಿ ನೋಡಬ್ಯಾಡ್ರಿ. ಇಡೀ ನುಂಗ್ರಿ, ಗುಳಿಗಿ ನುಂಗಿದಂಗ," ಎನ್ನುತ್ತಿದ್ದರು. 'ಪೀಸ್ ಆಫ್ ಕೇಕ್' ಅಂದರೆ ಕೇಕಿನ ತುಂಡಲ್ಲ, ಬಲು ಸುಲಭವಾದ ಕೆಲಸ. 'ಅಂಡರ್ ದ ವೆದರ್' ಅಂದರೆ ಹವಾಮಾನದ ಮಾತಲ್ಲ, ಮೈಯಲ್ಲಿ ಹುಷಾರಿಲ್ಲ ಎಂಬುದು. 'ಒನ್ಸ್ ಇನ್ ಎ ಬ್ಲೂ ಮೂನ್' ಅಂದರೆ ಚಂದ್ರ ನೀಲಿಯಾಗುವುದನ್ನು ಕಾಯುತ್ತ ಕೂಡುವುದಲ್ಲ, ಅಪರೂಪಕ್ಕೆ ಯಾವಾಗಲೋ ಒಮ್ಮೆ. ಮನೆಯಲ್ಲೂ ಇದೇ ಮಾತು. ರವಿವಾರ ಬಟ್ಟೆ ಒಗೆದು ಮುಗಿಸಿದರೆ 'ಕಾಲ್ ಇಟ್ ಎ ಡೇ' ಎನ್ನುವರು, ಇವತ್ತಿಗೆ ಇಷ್ಟು ಸಾಕು ಎಂದು. ನಾನು ನಗುತ್ತಿದ್ದೆ. "ಸಾಕು ಅಂತ ಒಂದ ಶಬ್ದ ಇದ್ದಾಗ ನಾಕು ಶಬ್ದ ಯಾಕ ಖರ್ಚು ಮಾಡ್ತೀರಿ?" ಅಂದರೆ, "ಟೀಚರ್, ಇದು ನಿಮ್ಮ ಕ್ಲಾಸ್ ಅಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದೇ ಟೀಚರ್ ಎಂದು.

ಅವರ ಊರು ಖಟಕ ಚಿಂಚೋಳಿ. ಅವರ ತಂದೆ ಊರಿನವರ ಹೊಲಗಳಲ್ಲಿ ಕೂಲಿ ಮಾಡಿದವರು. ಮನೆಯವರು ಬೌದ್ಧರಾದದ್ದು ಅವರು ಹುಟ್ಟುವ ಮೊದಲೇ, ಆದರೆ ಊರು ಅವರನ್ನು ನೋಡುವ ಕಣ್ಣು ಬಹಳ ದಿನ ಬದಲಾಗಲಿಲ್ಲ. ಅಣ್ಣ ಶಾಲೆ ಬಿಟ್ಟು ದುಡಿಯಲು ಹೋದ, ತಮ್ಮ ಓದಿದ. ಕಾಲೇಜಿನಲ್ಲಿ ಯಾರೋ ಎಸೆದ ಹಳೆಯ ಗೈಡೊಂದು ಸಿಕ್ಕು, ಅದರಲ್ಲಿದ್ದ ನುಡಿಗಟ್ಟುಗಳನ್ನು ಈ ತುದಿಯಿಂದ ಆ ತುದಿಯವರೆಗೆ ಬಾಯಿಪಾಠ ಮಾಡಿದರಂತೆ. ಹಾಗಾಗಿ ಅವರ ಇಂಗ್ಲಿಷಿನಲ್ಲಿ ನುಡಿಗಟ್ಟುಗಳೇ ಹೆಚ್ಚು. ಕೇಳಿದವರಿಗೆ ಕೊಂಚ ವಿಚಿತ್ರ ಅನ್ನಿಸುತ್ತಿತ್ತೇನೋ. ಅವರಿಗೆ ಅದರ ಪರಿವೆ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಯಾವುದೋ ಕಚೇರಿಗೆ ಹೋದಾಗ ಅಲ್ಲಿಯ ಸಾಹೇಬರೊಂದಿಗೆ ಪೂರಾ ಇಂಗ್ಲಿಷಿನಲ್ಲೇ ಮಾತಾಡಿದರು. ಹೊರಗೆ ಬಂದ ಮೇಲೆ ನಾನು ಕೇಳಿದೆ, "ಅವರು ನಮ್ಮ ಕಡಿಯವರೇ ಅಲ್ರಿ, ಕನ್ನಡ ಬರ್ತದಲ್ಲ?"

ಅವರು ಹೇಳಿದ್ದು ಇಷ್ಟು: "ಕನ್ನಡದಾಗ ಮಾತಾಡಿದ್ರ ಯಾವೂರು, ಯಾರ ಪೈಕಿ ಅಂತ ಕೇಳ್ತಾರ. ಇಂಗ್ಲಿಷಿನಾಗ ಮಾತಾಡಿದ್ರ ಕುರ್ಚಿ ತೋರಸ್ತಾರ."

ಆ ಮೇಲೆ ನಾನು ಅವರ ಇಂಗ್ಲಿಷಿನ ಬಗ್ಗೆ ತಮಾಷೆ ಮಾಡುವುದನ್ನು ಕಡಿಮೆ ಮಾಡಿದೆ.

ಚಳಿಗಾಲದ ಒಂದು ಬೆಳಿಗ್ಗೆ ಅದು ನಡೆಯಿತು. ನಾನು ಅಲ್ಲಿರಲಿಲ್ಲ, ಅವರ ಜೊತೆಯ ಗಣಿತದ ಟೀಚರ್ ಹೇಳಿದ್ದರಿಂದ ಗೊತ್ತು. ಪ್ರಾರ್ಥನೆ ಮುಗಿದಿದೆ. ಇವರು ಮುಂದೆ ಬಂದು ನಿಂತು ಎಂದಿನಂತೆ ಕೈ ಎತ್ತಿದ್ದಾರೆ. ಬಾಯಿಂದ ಹೊರಟದ್ದು ಮಾತಲ್ಲ, ಸದ್ದು. ಮಕ್ಕಳು ಅದನ್ನೇ ಹೊಸ ಇಡಿಯಂ ಎಂದು ತಿಳಿದು ಒಕ್ಕೊರಲಿನಲ್ಲಿ ಹಾಗೇ ಹೇಳಿದ್ದಾರೆ. ಇವರು ಮತ್ತೆ ಏನೋ ಅಂದಿದ್ದಾರೆ. ಮಕ್ಕಳು ಅದನ್ನೂ ಹೇಳಿ ನಕ್ಕಿದ್ದಾರೆ. ಆಮೇಲೆ ಎತ್ತಿದ ಕೈ ತಾನಾಗಿ ಕೆಳಗೆ ಬಿದ್ದು, ಕಾಲು ಮಡಿಚಿಕೊಂಡು, ಧ್ವಜದ ಕಟ್ಟೆಯ ಪಕ್ಕ ಕುಸಿದಿದ್ದಾರೆ. ಅಷ್ಟಾದರೂ ಮುಂದಿನ ಸಾಲಿನ ಮಕ್ಕಳನ್ನು ಬಿಟ್ಟು ಹಿಂದಿನವರು ನಗುತ್ತಲೇ ಇದ್ದರಂತೆ. ಅವರಿಗೆ ಕಾಣಿಸಿರಲಿಲ್ಲ.

ಭಾಲ್ಕಿಯ ಆಸ್ಪತ್ರೆಯಲ್ಲಿ ನೋಡಿ ಬೀದರಿಗೆ ಒಯ್ಯಲು ಹೇಳಿದರು. ನಾನು ಔರಾದಿನಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಅವರನ್ನು ಐಸಿಯುಗೆ ಹಾಕಿದ್ದರು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಲಗೈ ಬಲಗಾಲು ಹೋಗಿವೆ, ಮಾತಿನ ವಿಷಯ ಈಗಲೇ ಹೇಳಲಿಕ್ಕಾಗದು ಎಂದರು ಡಾಕ್ಟರ್. ಗಾಜಿನ ಆಚೆ ಮಲಗಿದ್ದವರ ಮುಖದ ಒಂದು ಬದಿ ಮಾತ್ರ ನನ್ನ ಗಂಡನದಾಗಿತ್ತು. ಇನ್ನೊಂದು ಬದಿ ಯಾರದೋ.

ವಾರ್ಡಿಗೆ ತಂದ ಮೇಲೂ ಹಲವು ದಿನ ಅವರಿಂದ ಒಂದು ಅಕ್ಷರ ಹೊರಡಲಿಲ್ಲ. ಚಿಂಚೋಳಿಯಿಂದ ಅವರ ಅಣ್ಣ ಬಂದು ನಮ್ಮೊಂದಿಗೇ ಇದ್ದರು. ನಾನು ಭಾವ ಎಂದು ಕರೆಯುವ ಅವರು ತಮ್ಮನ ಕಾಲು ತಿಕ್ಕುತ್ತ, ಸಂಜೆಯವರೆಗೂ ಹಾಸಿಗೆಯ ಪಕ್ಕದಿಂದ ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಔಷಧಿ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಭಾವ ಅಲ್ಲಿರಲಿಲ್ಲ. ಪಕ್ಕದ ಹಾಸಿಗೆಯವರು, "ನಿಮ್ಮವರು ಮಾತಾಡಿದ್ರು ನೋಡ್ರಿ! ಅದಕ್ಕ ಅವರು ಓಡಿ ಹೋಗ್ಯಾರ," ಎಂದರು.

ಸ್ವಲ್ಪ ಹೊತ್ತಿಗೆ ಭಾವ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಬೇಕರಿಯ ಸಣ್ಣ ಡಬ್ಬಿ. ಮುಖ ಅರಳಿತ್ತು.

"ಮಾತಾಡ್ದ, ತಂಗಿ! ಕೇಕ್ ಬೇಕಂತ. ಸ್ವಚ್ಛ ಕೇಳ್ಸತು ನಂಗ. ಪೀಸ್, ಕೇಕ್ ಅಂದ. ಒಂದ ಪೀಸ್ ತಂದೀನಿ."

ಡಬ್ಬಿ ತೆಗೆದು ಬೆಣ್ಣೆ ಬಳಿದ ಆ ತುಂಡನ್ನು ತಮ್ಮನ ಮುಖದ ಮುಂದೆ ಹಿಡಿದರು. ಅವರು ಕೇಕನ್ನು ನೋಡಿದರು, ಅಣ್ಣನನ್ನು ನೋಡಿದರು. ಕಣ್ಣಿಂದ ನೀರು ಇಳಿಯಿತು. ಆಮೇಲೆ ನಿಧಾನವಾಗಿ, ಆದರೆ ಸ್ಪಷ್ಟವಾಗಿ, ಪ್ರಾರ್ಥನೆಯ ಸಾಲಿನ ಮುಂದೆ ಹೇಳುತ್ತಿದ್ದ ಹಾಗೇ ಹೇಳಿದರು: "ಪೀಸ್ ಆಫ್ ಕೇಕ್."

"ಹ್ಞಾಂ, ಇದೇ ಅಲ್ಲೇನೋ?" ಎಂದರು ಭಾವ.

ನನಗೆ ಅದರ ಅರ್ಥ ಗೊತ್ತಿತ್ತು. ನರ್ಸ್ ಬಂದು, ನುಂಗಲು ಆಗದವರಿಗೆ ಇದೆಲ್ಲ ಕೊಡಬಾರದೆಂದು ಗದರಿ ಡಬ್ಬಿ ತೆಗೆಸಿದರು. ಭಾವ ಅದನ್ನು ವರಾಂಡದಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಯಾರಿಗೆ ಕೊಟ್ಟರೋ ಕೇಳಲಿಲ್ಲ.

ಮಾತು ಕಲಿಸಲೆಂದು ಬರುತ್ತಿದ್ದ ಡಾಕ್ಟರಮ್ಮ ಹೈದರಾಬಾದಿನವರು, ಸಣ್ಣ ವಯಸ್ಸು. ಹಿಂದಿಯಲ್ಲಿ ನನಗೆ ತಿಳಿಸಿ ಹೇಳಿದರು. ನಾವು ಒಂದೊಂದೇ ಶಬ್ದ ಆರಿಸಿ ಜೋಡಿಸಿ ಆಡುವ ಮಾತಿಗೆ ಮೆದುಳಿನಲ್ಲಿ ಒಂದು ಜಾಗ. ಅದು ಇವರಲ್ಲಿ ಹಾಳಾಗಿದೆ. ಆದರೆ ಬಾಯಿಪಾಠ ಮಾಡಿದ್ದು, ಹಾಡು, ಎಣಿಕೆ, ಬೈಗುಳ, ಸಾವಿರ ಸಲ ಹೇಳಿ ಹೇಳಿ ಒಂದೇ ಮುದ್ದೆಯಾದ ಮಾತುಗಳು ಬೇರೆ ಕಡೆಯೂ ಉಳಿದಿರುತ್ತವೆ. ಅವು ಇಡಿಯಾಗಿ ಹೊರಗೆ ಬರುತ್ತವೆ. ಹೇಳುವವರಿಗೆ ಬೇಕಾದ ಅರ್ಥವೇ ಅದರಲ್ಲಿ ಇರಬೇಕೆಂದಿಲ್ಲ. "ಅವರಿಗೆ ನೀರು ಬೇಕಾಗಿರಬಹುದು, ನೋವಾಗುತ್ತಿರಬಹುದು. ಬಾಯಿ ತೆಗೆದರೆ ಇದು ಬರುತ್ತದೆ," ಎಂದರು. ಇಡಿಯಾಗಿ ನುಂಗಿಸಿ ಕಲಿಸಿದವರ ಹೊಟ್ಟೆಯಲ್ಲಿ ಕರಗದೆ ಉಳಿದದ್ದು ಅವೇ ಗುಳಿಗೆಗಳು ಎಂದು ನನಗೆ ಆಗ ಹೊಳೆಯಿತು. ಸಮಾಧಾನವೇನೂ ಆಗಲಿಲ್ಲ.

ಮನೆಗೆ ಕರೆತಂದೆವು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದೆವು. ನಮ್ಮ ಕಡೆ ಹಗಲೆಲ್ಲ ವಾಯುಸೇನೆಯ ತರಬೇತಿ ವಿಮಾನಗಳು ಹಾರುತ್ತವೆ. ಆ ಸದ್ದು ತಲೆಯ ಮೇಲೆ ಹೋದಾಗಲೆಲ್ಲ ಮಾತು ನಿಲ್ಲಿಸುವುದು ಇಲ್ಲಿಯವರ ರೂಢಿ. ಈಗ ನಿಲ್ಲಿಸಲು ಮಾತೇ ಇರಲಿಲ್ಲ. ನಾನು ರಜೆ ಹಾಕಿ ಕೆಲ ತಿಂಗಳು ಮನೆಯಲ್ಲಿದ್ದೆ.

ಅವರಲ್ಲಿ ಉಳಿದಿದ್ದ ನುಡಿಗಟ್ಟುಗಳು ಕೆಲವೇ. ಅವುಗಳಲ್ಲೇ ಇಡೀ ದಿನ ನಡೆಯಬೇಕಿತ್ತು. ಹಸಿವಾದರೆ 'ಪೀಸ್ ಆಫ್ ಕೇಕ್', ಹಾಸಿಗೆ ಒದ್ದೆಯಾದರೂ 'ಪೀಸ್ ಆಫ್ ಕೇಕ್'. ಮಗಳು ಕಾಲೇಜಿನಿಂದ ಬಂದಾಗ ಮುಖ ಬೆಳಗಿಸಿ 'ಬ್ಲೂ ಮೂನ್' ಎನ್ನುತ್ತಿದ್ದರು. ಬೆನ್ನು ನೋಯುತ್ತಿದ್ದರೂ, ಬೆಳಕು ಕಣ್ಣಿಗೆ ಚುಚ್ಚುತ್ತಿದ್ದರೂ, ನಾನು ಎದ್ದು ಹೋಗಬಾರದು ಎನ್ನಿಸಿದರೂ 'ಕಾಲ್ ಇಟ್ ಎ ಡೇ'. ಹೇಳಿದ ಮೇಲೆ ತಾವು ಹೇಳಬೇಕೆಂದದ್ದು ಇದಲ್ಲ ಎಂದು ಅವರಿಗೇ ತಿಳಿಯುತ್ತಿತ್ತು. ಎಡಗೈಯಿಂದ ಮಂಚದ ಪಟ್ಟಿಗೆ ಬಡಿಯುತ್ತಿದ್ದರು. ನಾನು ಸುಮ್ಮನೆ ಒಂದೊಂದೇ ಕೇಳುತ್ತ ಹೋಗುವುದು: ನೀರೇನ್ರಿ? ಚಾದರ ಬೇಕೇನ್ರಿ? ಹೊರಳಸ್ಲೇನ್ರಿ? ಸರಿಯಾದದ್ದು ಕೇಳಿದಾಗ ಕಣ್ಣು ಮುಚ್ಚುವರು. ಎಷ್ಟೋ ಸಲ ಸರಿಯಾದದ್ದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಒಂದು ದಿನ ಮಗಳು ಅವರ ಬಲಗೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅವರು ಆ ಕೈಯನ್ನು ನೋಡುತ್ತ ನೋಡುತ್ತ, "ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್," ಎಂದರು. ಒಂದು ಕೈ, ಒಂದು ಕಾಲು. ಅವರ ಬಾಯಲ್ಲಿ ಸರಿಯಾದ ಮಾತು ಬಂತು ಎಂದು ನಾನು ಹಿಗ್ಗಿದೆ. ಮಗಳು ಎಣ್ಣೆಯ ಬಟ್ಟಲು ಕೆಳಗಿಟ್ಟು ಒಳಗೆ ಹೋದಳು. ಹಿಂದೆಯೇ ಹೋಗಿ ಕೇಳಿದೆ. "ಅದೂ ಇಡಿಯಮ್ಮೇ ಅವ್ವಾ," ಎಂದಳು. "ಭಾಳ ತುಟ್ಟಿ ಬಿತ್ತು ಅಂತ ಅರ್ಥ. ಅಪ್ಪ ಯಾವ ಅರ್ಥದಾಗ ಅಂದ್ರೋ ಯಾರಿಗಿ ಗೊತ್ತು."

ಭಾಲ್ಕಿಯಿಂದ ಶಾಲೆಯವರು ನೋಡಲು ಬಂದರು. ಹತ್ತನೆಯ ತರಗತಿಯ ಕೆಲವು ಹುಡುಗಿಯರನ್ನೂ ಕರೆತಂದಿದ್ದರು. ಹುಡುಗಿಯರು ಮಂಚದ ಸುತ್ತ ನಿಂತು ಏನು ಮಾತಾಡಬೇಕೋ ತಿಳಿಯದೆ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಕಡೆಗೆ ಒಬ್ಬಳು ಧೈರ್ಯ ಮಾಡಿ, "ಸರ್, ಹಿಟ್ ದ ನೇಲ್ ಆನ್ ದ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

"ಹೆಡ್," ಎಂದರು ಇವರು, ತಟ್ಟನೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೊಬ್ಬಳು 'ಸ್ಪಿಲ್ ದ' ಎಂದಳು, ಇವರು 'ಬೀನ್ಸ್' ಎಂದರು. ಮತ್ತೊಬ್ಬಳು, ಮತ್ತೊಂದು. ಮುಖ್ಯ ಗುರುಗಳು ಕಣ್ಣೊರೆಸಿಕೊಂಡು, "ಆರಾಮ ಆಗ್ತಾರ್ರಿ ಮೇಡಂ, ಎಲ್ಲಾ ನೆನಪದ ಅವರಿಗಿ," ಎಂದರು. ನಾನೂ ಅದನ್ನು ನಂಬಿದೆ. ಅವರೆಲ್ಲ ಹೋದ ಮೇಲೆ ಚಹಾದ ಕಪ್ಪುಗಳನ್ನು ಎತ್ತುತ್ತಿದ್ದಾಗ ಹಿಂದಿನಿಂದ ಒಂದು ಸದ್ದು ಕೇಳಿತು. ತಿರುಗಿದರೆ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದರು. ತಾವು ಕಲಿಸಿದ ಮಕ್ಕಳೇ ತಮ್ಮನ್ನು ಪರೀಕ್ಷೆ ಮಾಡಿ ಹೋದದ್ದು ಅವರಿಗೆ ಅರ್ಥವಾಗಿತ್ತು. ಅಂಥ ಆಟವನ್ನು ಆಮೇಲೆ ನಾವು ಆಡಲಿಲ್ಲ, ಬಂದವರಿಗೂ ಆಡಲು ಬಿಡಲಿಲ್ಲ.

ರಜೆ ಮುಗಿದು ನಾನು ಮತ್ತೆ ಔರಾದಿಗೆ ಹೋಗತೊಡಗಿದೆ. ಹಗಲು ನೋಡಿಕೊಳ್ಳಲು ಭಾವನ ಹೆಂಡತಿ ಬಂದು ನಿಂತರು. ಆ ದಿನಗಳಲ್ಲೇ ನನ್ನ ಗಂಡನ ಬಾಯಲ್ಲಿ ಹೊಸದೊಂದು ಮಾತು ಶುರುವಾಯಿತು. ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡು, "ಕಿಕ್ ದ ಬಕೆಟ್," ಎನ್ನುವರು. ಇದನ್ನು ನಾನು ಅವರಿಂದ ಮೊದಲು ಕೇಳಿದ ನೆನಪೇ ಇಲ್ಲ. ಮಗಳನ್ನು ಕೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಬಕೀಟ ಅಂತಾರಲ್ಲ, ನೀರು ಬೇಕಾಗಿರಬೇಕು," ಎಂದಳು.

ಹಾಗಾಗಿ ಅವರು ಅದನ್ನು ಅಂದಾಗಲೆಲ್ಲ ನಾನು ಬಚ್ಚಲಿನಿಂದ ಬಕೀಟು ತರುತ್ತಿದ್ದೆ. ಬಿಸಿನೀರು ಹಾಕಿ ಮಂಚದ ಹತ್ತಿರ ಇಟ್ಟು, ಅವರ ಕಾಲುಗಳನ್ನು ಅದರಲ್ಲಿ ಇಳಿಬಿಟ್ಟು ತೊಳೆಯುತ್ತಿದ್ದೆ. ಎಡಗಾಲಿಗೆ ಬಿಸಿ ತಾಗಿ ಹಿತವಾಗುತ್ತಿತ್ತೆಂದು ಕಾಣುತ್ತದೆ. ಬಲಗಾಲು ನೀರಿನಲ್ಲಿ ಯಾರೋ ಬಿಟ್ಟುಹೋದ ವಸ್ತುವಿನಂತೆ ಇರುತ್ತಿತ್ತು. ಅವರು ನನ್ನ ತಲೆಯನ್ನೇ ನೋಡುತ್ತಿದ್ದರು. ಕಾಲು ಒರೆಸಿ ಮಲಗಿಸಿದರೆ ಮತ್ತೆ, "ಕಿಕ್ ದ ಬಕೆಟ್." ಈಗ ತಾನೆ ತೊಳೆದೆನಲ್ಲ, ಎಂದು ಬೇಸರವಾಗುತ್ತಿತ್ತು. ಆದರೂ ಮತ್ತೆ ತರುತ್ತಿದ್ದೆ.

ಒಂದು ದಿನ ಶಾಲೆಯಲ್ಲಿ ಊಟದ ಹೊತ್ತಿಗೆ, ಹೊಸದಾಗಿ ಬಂದಿದ್ದ ಅತಿಥಿ ಶಿಕ್ಷಕರನ್ನು ಮಾತಿಗೆ ಮಾತು ಬಂದು ಕೇಳಿದೆ. ಅವರು ಇಂಗ್ಲಿಷ್ ಎಂ.ಎ. ಮಾಡಿದವರು.

"ಸರ್, ಕಿಕ್ ದ ಬಕೆಟ್ ಅಂದ್ರೇನ್ರಿ?"

ಅವರು ಡಬ್ಬಿಯ ಮುಚ್ಚಳ ತೆಗೆಯುತ್ತ ನಕ್ಕರು. "ಸಾಯೂದು ಅಂತರಿ ಮೇಡಂ. ಖರೇ ಅಂದ್ರ ಅದನ್ನ ಚೇಷ್ಟಿಗಿ ಹೇಳೂದು. ನಮ್ಮ ಕಡಿ ಗೊಟಕ್ ಅಂದ ಅಂತಾರಲ್ರಿ, ಹಂಗ."

ನಾನೂ ನಕ್ಕೆ. ಅವರಿಗೆ ನನ್ನ ಮನೆಯ ಸಂಗತಿ ಗೊತ್ತಿರಲಿಲ್ಲ. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೆ, ನುಂಗಲಾಗದೆ ಎದ್ದು ಹೋಗಿ ಉಗುಳಿದೆ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ದಾರಿಯುದ್ದಕ್ಕೂ ತೊಗರಿ ಕಟಾವಾದ ಹೊಲಗಳು, ಒಣ ಕೂಳೆ. ಎಷ್ಟು ಸಲ ಬಕೀಟು ತಂದೆ, ಎಷ್ಟು ಸಲ ಕಾಲು ತೊಳೆದೆ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಸಾಯಬೇಕು ಎನ್ನುವವನ ಮುಂದೆ ಬಿಸಿನೀರು ತಂದಿಟ್ಟಿದ್ದೆ. ಅವರು ನನ್ನ ಬೈತಲೆಯನ್ನು ನೋಡುತ್ತ ಏನು ಅಂದುಕೊಂಡಿರಬಹುದು? ಕನ್ನಡದಲ್ಲಿ ಅಂದಿದ್ದರೆ ಗೆಳತಿಯರ ಮುಂದೆ ಹೇಳಿಕೊಂಡು ಅಳಬಹುದಿತ್ತು. ಇದು ನಗುವ ಮಾತಂತೆ. ಸಾವನ್ನು ಹೇಳುವ ಗಂಭೀರವಾದ ಶಬ್ದವೊಂದೂ ಆ ಮನುಷ್ಯನಲ್ಲಿ ಉಳಿದಿರಲಿಲ್ಲ.

ಮನೆಗೆ ಬಂದು ಚೀಲ ಇಡುವ ಮೊದಲೇ ಮಗಳನ್ನು ಅಡುಗೆಮನೆಗೆ ಕರೆದೆ.

"ನಿನಗ ಅರ್ಥ ಗೊತ್ತಿತ್ತು ಅಲ್ಲ?"

ಅವಳು ತಲೆ ತಗ್ಗಿಸಿದಳು. "ಗೊತ್ತಿತ್ತು."

"ಮತ್ತ ಯಾಕ ಸುಳ್ಳು ಹೇಳ್ದಿ?"

"ಹ್ಯಾಂಗ ಹೇಳ್ಲಿ ಅವ್ವಾ? ನೀ ಅವರ ಕಾಲು ತೊಳಿತಿದ್ದಿ. ಅಪ್ಪಾನೂ ಸುಮ್ಮ ಕೂಡ್ತಿದ್ರು. ಅದಷ್ಟಾರ ಇರ್ಲಿ ಅಂತ ಬಿಟ್ಟೆ." ಆಮೇಲೆ ಅಳುತ್ತ, "ಅಪ್ಪಗ ಅದು ಖರೇನೂ ಅನ್ನಸ್ತಿರಬೇಕು ಅಂತಿಲ್ಲ. ಬಾಯಾಗ ಬಂದದ್ದು ಅಂತಾರ, ಅಷ್ಟೇ," ಎಂದಳು. ಅದನ್ನು ಅವಳು ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ.

ಅವರ ಹತ್ತಿರ ಹೋಗಿ ಕುಳಿತೆ. ಎಡಗೈ ಹಿಡಿದುಕೊಂಡೆ. ಹೆಂಡತಿ ಗಂಡನನ್ನು ಕೇಳಬಾರದ ಮಾತು ಅದು, ಆದರೆ ಕೇಳದೆ ಇರಲಾಗಲಿಲ್ಲ. "ಸಾಯಬೇಕು ಅನ್ನಸ್ತದೇನ್ರಿ ನಿಮಗ?"

ನನ್ನ ಬೆರಳುಗಳನ್ನು ಒತ್ತಿ ಹಿಡಿದರು. ಆಮೇಲೆ, "ಕಾಲ್ ಇಟ್ ಎ ಡೇ," ಎಂದರು.

ಸಾಕಾಗಿದೆ ಎಂದರೋ, ಈ ಮಾತು ಇಲ್ಲಿಗೇ ಬಿಡು ಎಂದರೋ, ದಣಿದು ಬಂದಿದ್ದೀ ಹೋಗಿ ಮಲಗು ಎಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮರುದಿನವೂ ಬಿಸಿನೀರು ಕಾಯಿಸಿ ಕಾಲು ತೊಳೆದೆ. ಅವರು ಏನೂ ಕೇಳಿರಲಿಲ್ಲ.

ಬೇಸಿಗೆಯ ರಜೆಯಲ್ಲಿ ಭಾವ ಹಟ ಹಿಡಿದು ನಮ್ಮನ್ನು ಚಿಂಚೋಳಿಗೆ ಕರೆದುಕೊಂಡು ಹೋದರು. ಅವರ ಮನೆಯ ಮುಂದೆ ಬೇವಿನ ನೆರಳಿನಲ್ಲಿ ಹೊರಸು ಹಾಕಿ ತಮ್ಮನನ್ನು ಮಲಗಿಸಿದರು. ಭಾವ ಅವರನ್ನು ಏನೂ ಕೇಳುತ್ತಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕುಳಿತು, ಚಿಕ್ಕಂದಿನಲ್ಲಿ ಹಳ್ಳದಲ್ಲಿ ಏಡಿ ಹಿಡಿದದ್ದು, ಅಪ್ಪನಿಗೆ ಗೊತ್ತಾಗದ ಹಾಗೆ ಜೋಳದ ತೆನೆ ಸುಟ್ಟು ತಿಂದದ್ದು, ಇಂಥವೇ ಹೇಳುವರು. ಒಂದು ಮಧ್ಯಾಹ್ನ ಭಾವನ ಹೆಂಡತಿ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಮೆತ್ತಗೆ ಕಲಸಿ ತಂದು ತಿನ್ನಿಸುತ್ತಿದ್ದರು. ಇವರು ಮುಖ ಸಿಂಡರಿಸಿ, "ಖಾರ," ಎಂದರು.

ಕೈಯಲ್ಲಿದ್ದ ತಟ್ಟೆ ನಿಂತಲ್ಲೇ ನಿಂತಿತು. ಭಾವ ಒಳಗಿಂದ ಓಡಿಬಂದರು. "ಏನಂದಿ? ಇನ್ನೊಮ್ಮಿ ಅನ್ನು!"

"ಖಾರ," ಎಂದರು. ಮತ್ತೆ, "ಅಣ್ಣಾ, ಖಾರ."

ಆ ಮನೆಯಲ್ಲಿ ಆ ದಿನ ಹಬ್ಬವೇ ಆಯಿತು. ಓಣಿಯವರೆಲ್ಲ ಬಂದು ನೋಡಿ ಹೋದರು. ಬುದ್ಧ ವಿಹಾರದಲ್ಲಿ ದೀಪ ಹಚ್ಚಿ ಬಂದೆವು. ಅಲ್ಲಿಂದ ಮುಂದೆ ಒಂದೊಂದೇ ಶಬ್ದ ಬರತೊಡಗಿತು: ನೀರು, ಬಿಸಲು, ಒಲ್ಲೆ, ಬಾ. ಅವು ಅವರು ಮಾಸ್ತರಿಕೆಯ ದಿನಗಳಲ್ಲಿ ಆಡುತ್ತಿದ್ದ ಕನ್ನಡದಿಂದ ಬಂದವಲ್ಲ. ಇದೇ ಓಣಿಯಲ್ಲಿ, ಇದೇ ಮಣ್ಣಿನಲ್ಲಿ, ಶಾಲೆಗೆ ಹೋಗುವ ಮೊದಲು ಕಲಿತವು.

ಊರಿನ ಮೇಲಿನ ಓಣಿಯ ಹಿರಿಯರೊಬ್ಬರು ಅವರನ್ನು ನೋಡಲು ಬಂದರು. ವಯಸ್ಸಾದವರು, ಒಳ್ಳೆಯ ಮನಸ್ಸಿನಿಂದಲೇ ಬಾಳೆಹಣ್ಣು ಹಿಡಿದು ಬಂದಿದ್ದರು. ನನ್ನ ಮಾವ ಅವರ ಹೊಲದಲ್ಲಿ ದುಡಿದವರಂತೆ. ಅವರು ಅಂಗಳಕ್ಕೆ ಕಾಲಿಟ್ಟದ್ದೇ, ನನ್ನ ಗಂಡ ಎಡಗೈ ಊರಿ ಹೊರಸಿನಿಂದ ಏಳಲು ಒದ್ದಾಡಿದರು. ಬಲಗಾಲು ಸಹಕರಿಸದೆ ಒಂದು ಕಡೆ ವಾಲಿ ಬೀಳುವಂತಾದರು. ಆ ಅರ್ಧ ಎದ್ದ ಸ್ಥಿತಿಯಲ್ಲೇ, ತಲೆ ಬಗ್ಗಿಸಿ, "ಬರ್ರಿ ಧಣ್ಯಾರ," ಎಂದರು. ಎಲ್ಲೂ ತಡವರಿಸಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಅಷ್ಟು ನಯವಾಗಿ ಹೊರಟ ಕನ್ನಡ ಅದೊಂದೇ.

ಆ ಹಿರಿಯರೇ ನಾಚಿದರು. "ಏಳಬ್ಯಾಡಪ್ಪ ಮಾಸ್ತರ, ಮಲಕೋ," ಎಂದು ಹಣ್ಣು ಇಟ್ಟು ಬೇಗ ಹೊರಟುಹೋದರು. ಭಾವ ಅಂಗಳದ ಮೂಲೆಯಲ್ಲಿ ನಿಂತು ಕಣ್ಣು ಮುಚ್ಚಿಕೊಂಡಿದ್ದರು.

"ಹತ್ತನೇ ಕ್ಲಾಸಿನಾಗ ಇದ್ದಾಗ, ಇನ್ನ ಸಾಯೂತನಕ ಯಾರಿಗೀ ಧಣಿ ಅನ್ನಂಗಿಲ್ಲ ಅಂತ ಅಪ್ಪನ ಎದುರಿಗಿ ಜಗಳಾಡಿದ್ದ, ತಂಗಿ," ಎಂದರು ನನಗೆ. "ಅಪ್ಪನ ಕೂಡ ತಿಂಗಳಾನುಗಟ್ಲೆ ಮಾತಾಡಿರ್ಲಿಲ್ಲ."

ನನ್ನ ಗಂಡ ಹೊರಸಿನ ಮೇಲೆ ಮುದುಡಿಕೊಂಡು ಮಲಗಿದ್ದರು. ತಾವು ಏನು ಅಂದೆವೆಂದು ಅವರಿಗೆ ಗೊತ್ತಿತ್ತು. ಆ ದಿನ ಊಟ ಮಾಡಲಿಲ್ಲ.

ಬೀದರಿಗೆ ಬಂದ ಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಕನ್ನಡ ಹನಿಹನಿಯಾಗಿ ಬಂದ ಹಾಗೆ ಇಂಗ್ಲಿಷ್ ಹೋಗಿಬಿಟ್ಟಿತ್ತು. ಕೇಕೂ ಇಲ್ಲ, ನೀಲಿ ಚಂದ್ರನೂ ಇಲ್ಲ. ಮಗಳು ಮನೆಗೆ ಬಂದಾಗ 'ಬಂದಿ?' ಎನ್ನುತ್ತಿದ್ದರು. ಅವಳು ಒಂದು ದಿನ ತಡೆಯಲಾರದೆ, "ಅಪ್ಪಾ, ಒನ್ಸ್ ಇನ್ ಎ ಬ್ಲೂ..." ಎಂದು ಕಾದಳು. ಅವರು ಅವಳ ತುಟಿಗಳನ್ನೇ ನೋಡಿ, "ಏನ?" ಎಂದರು. ಡಾಕ್ಟರಮ್ಮನನ್ನು ಫೋನಿನಲ್ಲಿ ಕೇಳಿದೆ. ಎರಡು ಮೂರು ಭಾಷೆ ಬಲ್ಲವರಲ್ಲಿ ಹೀಗೂ ಆಗುವುದುಂಟು, ಒಂದು ಬಂದು ಇನ್ನೊಂದು ಹಿಂದೆ ಸರಿಯುತ್ತದೆ, ಯಾಕೆಂದು ಸರಿಯಾಗಿ ಹೇಳಲಾಗದು ಎಂದರು. ಕನ್ನಡವಾದರೂ ಬಂತಲ್ಲ, ಸಂತೋಷಪಡಿ ಎಂದರು. ನಾನು ಕನ್ನಡ ಟೀಚರ್. ಸಂತೋಷಪಡಬೇಕಿತ್ತು.

ಇಂಗ್ಲಿಷ್ ಇಲ್ಲದ ಇಂಗ್ಲಿಷ್ ಮಾಸ್ತರರಿಗೆ ನೌಕರಿ ಎಲ್ಲಿಯದು? ಆರೋಗ್ಯದ ಕಾರಣದಿಂದ ನಿವೃತ್ತಿ ಕೇಳಿಕೊಳ್ಳುವುದೆಂದಾಯಿತು. ಅದಕ್ಕೆ ಅವರು ಖುದ್ದಾಗಿ ಶಾಲೆಗೆ ಹೋಗಬೇಕಾಯಿತು. ಆ ಹೊತ್ತಿಗೆ ಕೋಲು ಹಿಡಿದು, ಮಗಳ ಹೆಗಲ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಮೂವರೂ ರೈಲಿನಲ್ಲಿ ಭಾಲ್ಕಿಗೆ ಹೋದೆವು. ಆಫೀಸಿನಲ್ಲಿ ಕಾಗದ ಮುಂದಿಟ್ಟರು. ಇವರು ಎಡಗೈಯಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಕುಳಿತರು. ಒಂದು ಗೆರೆ ಎಳೆದರು, ನಿಲ್ಲಿಸಿದರು. ಕ್ಲರ್ಕು ಮೆಲ್ಲಗೆ ಮಸಿಯ ಡಬ್ಬಿಯನ್ನು ಮುಂದೆ ಸರಿಸಿದರು. ತಮ್ಮ ಮನೆತನದಲ್ಲಿ ಮೊದಲ ಸಹಿ ಹಾಕಿದ್ದು ತಾವೇ ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ಹೆಬ್ಬೆಟ್ಟು ಒತ್ತುವಾಗ ಮಗಳು ಕಿಟಕಿಯ ಕಡೆ ತಿರುಗಿ ನಿಂತಳು. ನಾನೇ ಅವರ ಬೆರಳು ಹಿಡಿದು ಒತ್ತಿಸಿದೆ, ನಾನೇ ಸೆರಗಿನಿಂದ ಮಸಿ ಒರೆಸಿದೆ. ಅದು ಪೂರ್ತಿ ಹೋಗಲಿಲ್ಲ.

ಮುಖ್ಯ ಗುರುಗಳು ಶಾಲು ಹೊದಿಸಿದರು. ಮಕ್ಕಳನ್ನು ಕರೆಸುತ್ತೇನೆ ಎಂದರು. ಬೇಡ ಎಂದೆ.

ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ತಡವಿತ್ತು. ಬೆಂಚಿನ ಮೇಲೆ ಅವರನ್ನು ಕೂಡಿಸಿ ಪಕ್ಕದಲ್ಲಿ ಕುಳಿತೆ. ಮಗಳು ನೀರು ತರಲು ಹೋಗಿದ್ದಳು. ಎದುರಿಗೆ ಊರ ಹೆಸರಿನ ಹಳದಿ ಫಲಕ. ಇಪ್ಪತ್ತು ವರ್ಷಕ್ಕೂ ಮೇಲೆ ದಿನಾ ಅದರ ಕೆಳಗೆ ಇಳಿದು ಹೋಗಿದ್ದರು. ಅದನ್ನೇ ನೋಡುತ್ತ ಕುಳಿತಿದ್ದವರು ಕೋಲನ್ನು ಎತ್ತಿ ತೋರಿಸಿ, "ಓದು," ಎಂದರು.

"ಭಾಲ್ಕಿ ಅಂತ ಅದರಿ," ಎಂದೆ.

ಕೋಲು ಕನ್ನಡದ ಸಾಲಿನಿಂದ ಕೆಳಗೆ ಸರಿದು ಇಂಗ್ಲಿಷ್ ಅಕ್ಷರಗಳ ಮೇಲೆ ನಿಂತಿತು. "ಇದು?"

"ಅದೂ ಭಾಲ್ಕೀನೇರಿ."

ಅರ್ಥವಾಗದಿದ್ದರೂ ಟೀಚರ್ ಮನಸ್ಸು ನೋಯಬಾರದೆಂದು ಮಕ್ಕಳು ತಲೆ ಆಡಿಸುತ್ತವಲ್ಲ, ಹಾಗೆ ಆಡಿಸಿದರು. ಆ ತಲೆಯಾಟ ನನಗೆ ನನ್ನ ತರಗತಿಯಿಂದ ಚೆನ್ನಾಗಿ ಗೊತ್ತು. ಮತ್ತೊಮ್ಮೆ ಓದಿ ಹೇಳಲು ಮನಸ್ಸಾಗಲಿಲ್ಲ.

ರೈಲು ಬಂತು. ಮಗಳು ಒಂದು ಕಡೆ, ನಾನು ಒಂದು ಕಡೆ ಹಿಡಿದು ಹತ್ತಿಸಿದೆವು. ಯಾರೋ ಪುಣ್ಯಾತ್ಮರು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಹಲಬರ್ಗಾ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಬಲಗೈ ಸೀಟಿನಿಂದ ಕೆಳಗೆ ಜಾರಿ, ಬೋಗಿ ಅಲುಗಿದ ಹಾಗೆಲ್ಲ ತೂಗುತ್ತಿತ್ತು. ಅದನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.